ಸೋರೆಬುರುಡೆಯ ಮೇಲೊಂದು ಜಗತ್ತು

ಶಾಲೆಯ ಗ್ಲೋಬು ಕಪಾಟಿನಲ್ಲಿತ್ತು. ಕಪಾಟಿನ ಕೀಲಿ ಹೆಡ್‌ಮಾಸ್ತರರ ಕಿಸೆಯಲ್ಲಿತ್ತು. ಹೆಡ್‌ಮಾಸ್ತರರು ಮದುವೆಯ ಊಟಕ್ಕೆಂದು ಕೊಲ್ಹಾಪುರದಲ್ಲಿದ್ದರು. ಹೀಗಾಗಿ ಅಂದು ಬೆಳಿಗ್ಗೆ ಮಿರಜದ ಸಾತವ್ವನ ಪಾಲಿಗೆ ಭೂಮಿಯೇ ಇಲ್ಲದಂತಾಯಿತು.

ಮಧ್ಯಾಹ್ನ ಮೂರಕ್ಕೆ ಅವಳ ಡಿ.ಎಡ್. ಪರೀಕ್ಷೆಯ ಕೊನೆಯ ಪಾಠ. ಪೇಟೆಯ ಕನ್ನಡ ಶಾಲೆ, ನಾಲ್ಕನೇ ಇಯತ್ತೆ, ವಿಷಯ 'ಹಗಲು ರಾತ್ರಿ'. ಪಾಸಾದರೆ ಮಾಸ್ತರಬಾಯಿ, ಇಲ್ಲವಾದರೆ ಅವ್ವನ ಹಿಂದೆ ಕುಪವಾಡದ ಎರಕದ ಕಾರಖಾನೆಯಲ್ಲಿ ಮರಳು ಹೊರಬೇಕು. ಬರಿಗೈಯಲ್ಲಿ ಪಾಠ ಮಾಡುವವರನ್ನು ಸಾಂಗ್ಲಿಯ ಪರೀಕ್ಷಕರು ಅರ್ಧಕ್ಕೇ ಕೂಡಿಸಿಬಿಡುತ್ತಾರೆಂದು ಕಾಲೇಜಿನಲ್ಲೆಲ್ಲ ಸುದ್ದಿ.

"ಅಳತಿ ಯಾಕ ಬೇಟಿ? ದುಂಡಂದು ಬೇಕಲ್ಲ, ತಗೋ," ಎಂದು ನೆರೆಮನೆಯ ಸಿತಾರ ಮಾಡುವ ಮೌಲಾಚಾಚಾ ನೀರಿನ ಕೊಡದಷ್ಟು ದಪ್ಪನೆಯ ಒಣ ಸೋರೆಬುರುಡೆ ಇಳಿಸಿಕೊಟ್ಟರು. "ಸಿತಾರದ ಹೊಟ್ಟಿಗಂತ ಎರಡು ವರ್ಷ ಒಣಗಸೇನಿ. ಗಿರಾಕಿ ತಾನs ಆರಿಸಿ, ಬುಡಕ್ಕ ಹೆಸರು ಕೊರಸಿ ಹೋಗ್ಯಾನ. ಸುಣ್ಣದ ಬಣ್ಣ ಹಚ್ಚು, ಸಂಜಿಕ ತೊಳದು ಕೊಡು."

ಸುಣ್ಣ ಕಲಸುವಷ್ಟರಲ್ಲಿ ಹಾಲಿನ ಸೊಸಾಯಿಟಿಯ ಜಟ್ಟೆಪ್ಪ ಬಂದ. "ಸಾಹೇಬರ ಮುಂದ ಸಮುದ್ರ ಉದುರಿದರ ಏನ್ಮಾಡ್ತಿ?" ಎಂದವನೇ ಹಾಲಿನ ಕ್ಯಾನುಗಳಿಗೆ ನಂಬರು ಬರೆಯುವ ಎಣ್ಣೆಬಣ್ಣ ತಂದು, ಸಾತವ್ವ ಬೇಡವೆನ್ನುವುದರೊಳಗೆ ಸಮುದ್ರ, ದೇಶಗಳನ್ನೆಲ್ಲ ಬಳಿದು ಮುಗಿಸಿದ. ಎದುರುಮನೆಯ ಹಣಮವ್ವ ಸುಮ್ಮನಿರುವವಳೇ? "ಎಲ್ಲಾರ ಊರೂ ಅದಾವ, ನಮ್ಮೂರು ಜತ್ತ ಎಲ್ಲೈತಿ?" ಎಂದು ಹೆಬ್ಬೆಟ್ಟನ್ನು ಕೆಂಪು ಬಣ್ಣದ ಡಬ್ಬಿಯಲ್ಲಿ ಅದ್ದಿ ಒತ್ತಿದಳು. ಅರ್ಧ ಭಾರತ ಜತ್ತವಾಯಿತು. ಸುಣ್ಣಕ್ಕೆ ಉಳಿದದ್ದು ದಕ್ಷಿಣ ಧ್ರುವದ ಹಿಮವೊಂದೇ. ಬುಡದ ಹೆಸರನ್ನು ಓದುವ ವ್ಯವಧಾನವಿಲ್ಲದೆ ಸಾತವ್ವ ಅದರ ಮೇಲೆಯೇ ಸುಣ್ಣ ಸವರಿದಳು.

ಟಾಂಗಾದಲ್ಲಿ ತೊಡೆಯ ಮೇಲಿಟ್ಟುಕೊಂಡು ಶಾಲೆಗೆ ಬರುವಾಗ ಹಸಿ ಅಟ್ಲಾಂಟಿಕ್ಕು ಸೀರೆಗೆ ಅಂಟಿತು.

ಪರೀಕ್ಷಕರು ಹಿಂದಿನ ಬೆಂಚಿನಲ್ಲಿ ಗಂಟುಮೋರೆ ಹಾಕಿಕೊಂಡು ಕೂತಿದ್ದರು. ಸಾತವ್ವ ಕಿಟಕಿ ಮುಚ್ಚಿಸಿ, ಬ್ಯಾಟರಿ ದೀಪ ಹಚ್ಚಿ, ಅದರ ಬೆಳಕಿನಲ್ಲಿ ಬುರುಡೆಯನ್ನು ಮೆಲ್ಲಗೆ ತಿರುಗಿಸಿದಳು. ಜಂಕ್ಷನ್ನಿನಂತೆ ಗದ್ದಲವೆಬ್ಬಿಸುತ್ತಿದ್ದ ಮಕ್ಕಳು ತಟ್ಟನೆ ಗಪ್‌ಚಿಪ್. ಅವಳು ಬೆರಳಿಟ್ಟು ತೋರಿಸಿದ ಕೆಂಪು ಜತ್ತ ನಿಧಾನವಾಗಿ ಕತ್ತಲೆಗೆ ಸರಿಯಿತು.

"ಬಾಯಿರೀ, ಈಗ ಜತ್ತದಾಗಿನ ನಮ್ಮಜ್ಜಿ ಕತ್ತಲದಾಗ ಅದಾಳೇನ್ರಿ?" ಮುಂದಿನ ಸಾಲಿನ ಹುಡುಗಿ ಪಿಸುಗುಟ್ಟಿದಳು.

"ಅಜ್ಜಿ ಒಬ್ಬಾಕೇ ಅಲ್ಲ, ನಾವೂ ಅದೀವಿ. ಈ ಸಾಲಿ, ಈ ಬೆಂಚು, ಎಲ್ಲಾ ತಿರಗಾಕ ಹತ್ಯಾವ."

ಮಕ್ಕಳು ಬೆಂಚನ್ನು ಗಟ್ಟಿಯಾಗಿ ಹಿಡಿದುಕೊಂಡರು. ಸಾತವ್ವನಿಗೂ ಮೈ ಜುಮ್ಮೆಂದಿತು. ಹತ್ತು ಸಲ ಬಾಯಿಪಾಠ ಮಾಡಿದ ಮಾತು ನಿಜವೆಂದು ಅವಳಿಗೆ ಅನಿಸಿದ್ದು ಆಗಲೇ. ಅವ್ವನ ಮರಳಿನ ಬುಟ್ಟಿಯೂ ಸೇರಿ ಇಡೀ ಜಗತ್ತು ಸದ್ದಿಲ್ಲದೆ ತಿರುಗುತ್ತಿದೆಯಲ್ಲ! ಪರೀಕ್ಷಕರೂ ಬಾಯಿ ತೆರೆದೇ ಕೂತಿದ್ದರು.

ತಿರುಗಿ ತಿರುಗಿ ದಕ್ಷಿಣ ಧ್ರುವದ ಸುಣ್ಣ ಉದುರತೊಡಗಿತು. ಹುಡುಗಿ ಬಗ್ಗಿ ನೋಡಿದಳು.

"ಬಾಯಿರೀ, ಹಿಮದಾಗ ಯಾರೋ ಧನ್ಯಕುಮಾರ ಪಾಟೀಲ ಅನ್ನಾವ್ರು ಅದಾರ್ರಿ!"

ಪರೀಕ್ಷಕರು ಎದ್ದು ಬಂದರು. ಬುರುಡೆ ತಡವಿದರು. ಬೆರಳಿಗೆ ಬಂಗಾಳ ಕೊಲ್ಲಿ ಹತ್ತಿತು.

"ಅದು ನಾನs, ತಂಗಿ," ಎಂದರು. "ಮಗಳ ಸಿತಾರಕ್ಕಂತ ಎರಡು ವರ್ಷದಿಂದ ಹಾದಿ ಕಾಯಾಕ ಹತ್ತೇನಿ."

ಸಾತವ್ವ ಗಡಬಡಿಸಿ ಸೆರಗಿನಿಂದ ಬುರುಡೆ ಒರೆಸಹೋದಳು. ಅವರು ಕಾಗದ ತೆಗೆದು ಐವತ್ತಕ್ಕೆ ನಲವತ್ತೊಂಬತ್ತು ಬರೆದರು. "ಇಂಥಾ ಪಾಠ ನನ್ನ ನೌಕರಿಯೊಳಗ ನೋಡಿದ್ದಿಲ್ಲ ಬಾಯಿ," ಎಂದು ಪೆನ್ನಿನ ಟೊಪ್ಪಿಗೆ ಮುಚ್ಚಿದರು. "ಈ ಜಗತ್ತು ತೊಳದು ತರ್ರಿ. ಸಹಿ ಆಮ್ಯಾಲ."

ಸಂಜೆ ಚಾಚಾನ ಅಂಗಳದಲ್ಲಿ ಸಾತವ್ವ ಸೀಮೆಎಣ್ಣೆಯ ಚಿಂದಿ ಹಿಡಿದು ಕೂತಳು. ಅಮೇರಿಕಾ ಹೋಯಿತು, ಆಫ್ರಿಕಾ ಹೋಯಿತು, ಸಮುದ್ರಗಳೆಲ್ಲ ಬತ್ತಿದವು. ಜತ್ತ ಮಾತ್ರ ಜಪ್ಪಯ್ಯ ಅಂದರೂ ಹೋಗಲಿಲ್ಲ. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ ಹಣಮವ್ವ ಕಣ್ಣರಳಿಸಿ ನೋಡುತ್ತಿದ್ದಳು.

"ನಮ್ಮೂರು ಎಷ್ಟು ಗಟ್ಟಿ ಐತಿ ನೋಡವಾ, ಸಾತವ್ವಾ!"