ನನ್ನ ನಿಯಮಗಳು, ನಮ್ಮ ಓಣಿ

ನಾನೊಂದು ನಿಯಮ ಮಾಡಿಕೊಂಡೆನೆಂದರೆ ಸಾಕು, ವಾರ ತುಂಬುವುದರೊಳಗೆ ಯಾರಾದರೊಬ್ಬರು ಬಂದು ಅದನ್ನು ತಮ್ಮ ರೀತಿಯಲ್ಲಿ ನಡೆಸಿಕೊಟ್ಟು ಹೋಗುತ್ತಾರೆ.

ಚಾಮರಾಜನಗರದ ಕಡೆಯಿಂದ ನರ್ಸ್ ಕೆಲಸಕ್ಕೆಂದು ಸಿಂಧನೂರು ತಾಲ್ಲೂಕಿಗೆ ಬಂದವಳು ನಾನು. ಬಂದಾಗ ಇಪ್ಪತ್ತಮೂರು ವರ್ಷ. ಈಗ ಎಪ್ಪತ್ತು ದಾಟಿದೆ. ಮದುವೆ ಬೇಡವೆಂದದ್ದು ನಾನೇ. ಅದು ನನ್ನ ಮೊದಲ ಸ್ವಂತ ನಿರ್ಧಾರ. ಮುಂದಿನ ಬದುಕನ್ನೂ ಹಾಗೆಯೇ, ನಾನೇ ಯೋಚಿಸಿ ನಾನೇ ನಡೆಸಬೇಕೆಂದು ಆಗಾಗ ಒಂದೊಂದು ನಿಯಮ ಹಾಕಿಕೊಳ್ಳುತ್ತ ಬಂದೆ.

ಹೋದ ವರ್ಷ ತಮ್ಮನ ಮಗ ಫೋನಿನಲ್ಲಿ, "ಅತ್ತೆ, ರಿಟೈರ್ ಆಗಿ ಎಷ್ಟೋ ವರ್ಷ ಆಯ್ತು. ಅಲ್ಲಿ ಇನ್ನು ಯಾರಿದ್ದಾರೆ ನಿಮಗೆ? ಊರಿಗೆ ಬಂದ್ಬಿಡಿ," ಎಂದ. ಪ್ರೀತಿಯಿಂದಲೇ ಕೇಳಿದ್ದ. ನಾನು ಇಲ್ಲಿ ಉಳಿದದ್ದು ನನ್ನ ನಿರ್ಧಾರವೋ, ಬರೀ ರೂಢಿಯೋ? ಗಂಭೀರವಾಗಿ ಉತ್ತರ ಹುಡುಕುತ್ತ ಹಿಂದಿನದನ್ನೆಲ್ಲ ನೆನೆಯಲು ಕೂತರೆ ನಡುನಡುವೆ ನಗು ಬರತೊಡಗಿತು.

ಚಹಾ ಬಿಟ್ಟದ್ದು

ಅದೇ ತಾಲ್ಲೂಕಿನ ತುರ್ವಿಹಾಳದಲ್ಲಿದ್ದಾಗ ಮನೆಮನೆಗೆ ಹೋಗಿ ಬಾಣಂತಿಯರನ್ನು, ಕೂಸುಗಳನ್ನು ನೋಡಿ ಬರುವುದು ನನ್ನ ಕೆಲಸ. ಹೋದ ಮನೆಯಲ್ಲೆಲ್ಲ ಚಹಾ. ಮಧ್ಯಾಹ್ನದ ಹೊತ್ತಿಗೆ ಹದಿಮೂರು, ಹದಿನಾಲ್ಕು ಕಪ್ಪು ಆಗಿರುತ್ತಿತ್ತು. ಹೊಟ್ಟೆಯಲ್ಲಿ ಉರಿ ಶುರುವಾಯಿತು. ಇನ್ನೊಬ್ಬರ ಮನಸ್ಸು ನೋಯುತ್ತದೆಂದು ನನ್ನ ಹೊಟ್ಟೆ ಸುಟ್ಟುಕೊಳ್ಳುವುದು ಒಳ್ಳೆಯತನವಲ್ಲ, ಹೆದರಿಕೆ ಎಂದು ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು. ಒಂದು ಸೋಮವಾರ ನಿಶ್ಚಯ ಮಾಡಿದೆ: ಬೇಡವಾದದ್ದನ್ನು ಮೊದಲ ಮಾತಿಗೇ ಬೇಡವೆನ್ನಬೇಕು.

ಮೊದಲ ಮನೆಯ ಅಜ್ಜಿ ಒಲೆಯ ಮೇಲೆ ಪಾತ್ರೆ ಇಟ್ಟಾಗಲೇ, "ಅಜ್ಜಿ, ನಾನು ಚಹಾ ಬಿಟ್ಟಿದ್ದೇನೆ," ಎಂದೆ.

"ಯಾ ದೇವರಿಗೆ ಬಿಟ್ಟೀಯವ್ವ?"

"ಯಾವ ದೇವರಿಗೂ ಅಲ್ಲ. ನನಗೋಸ್ಕರ."

"ನಮಗಂತ ನಾವ ಯಾರರ ಬಿಡ್ತಾರೇನು? ಹೇಳಬಾರದು ಅಂತಿದ್ರ ಹೇಳಬ್ಯಾಡ ಬಿಡು," ಎಂದು ಅಜ್ಜಿ ಅಲ್ಲೇ ಕೈಮುಗಿದು, ಒಂದು ಚೊಂಬು ಬಿಸಿ ಎಮ್ಮೆ ಹಾಲು ತಂದು ಮುಂದಿಟ್ಟಳು. ವ್ರತಕ್ಕೆ ಹಾಲು ನಡೆಯುತ್ತದಂತೆ.

ಸುದ್ದಿ ನನಗಿಂತ ಮುಂದೆ ಹೋಗಿತ್ತು. ಎರಡನೇ ಮನೆಯಲ್ಲಿ ಹಾಲು. ಮೂರನೇ ಮನೆಯಲ್ಲಿ ಹಾಲು. ನಾಲ್ಕನೆಯದರಲ್ಲಿ ಹಾಲಿನ ಜೊತೆ ಬಾಳೆಹಣ್ಣು. ಗುರುವಾರದ ಹೊತ್ತಿಗೆ ಸೋತುಹೋಗಿ ಅದೇ ಅಜ್ಜಿಯ ಕಟ್ಟೆಯ ಮೇಲೆ ಕೂತು, "ವ್ರತ ಮುಗೀತು ಅಜ್ಜಿ, ಒಂದು ಕಪ್ ಚಹಾ ಕೊಡು," ಎಂದೆ.

ಅಜ್ಜಿ ತಲೆಯಾಡಿಸಿದಳು. "ಹಂಗ ಸುಮ್ನ ಮುಗಿಯಂಗಿಲ್ಲವ್ವ. ಐದು ಮಂದಿ ಮುತ್ತೈದೇರಿಗೆ ಹೋಳಿಗಿ ಊಟ ಹಾಕಬೇಕು."

ಬಾಯಿ ಕಟ್ಟಿದ್ದು

ನಿವೃತ್ತಿಯಾದ ಮೇಲೆ ಸಿಂಧನೂರಿನಲ್ಲೇ ಒಂದು ಸಣ್ಣ ಮನೆ ಮಾಡಿಕೊಂಡೆ. ಎದುರು ಮನೆಯಾಕೆ ಜೋಳದ ರೊಟ್ಟಿ ಬಡಿದು ಮಾರುತ್ತಾಳೆ. ನನಗಿಂತ ನಾಲ್ಕು ವರ್ಷ ದೊಡ್ಡವಳು, ನನ್ನನ್ನು ಸಿಸ್ಟರವ್ವ ಎನ್ನುತ್ತಾಳೆ. ಮೂಲೆ ಮನೆಯಲ್ಲಿ ಹೊಲಿಗೆ ಚಾಚಿ; ಹೆಂಗಸರ ಬಟ್ಟೆ ಹೊಲಿಯುತ್ತಾಳೆ. ನನ್ನ ದಿನದ ಮಾತೆಲ್ಲ ಇವರಿಬ್ಬರ ಜೊತೆಗೇ.

ಕೆಲಸದಲ್ಲಿದ್ದಷ್ಟು ವರ್ಷ ಊರಿಗೆಲ್ಲ ಬುದ್ಧಿ ಹೇಳಿದ್ದೆ. ಇನ್ನು ಸಾಕು, ಅವರವರ ಬದುಕು ಅವರವರದು, ಕೇಳದೆ ಯಾರಿಗೂ ಏನೂ ಹೇಳಬಾರದು ಎಂದು ನಿಯಮ ಮಾಡಿದೆ. ನನ್ನ ಬಾಯಿಂದ ಬರುವುದರಲ್ಲಿ ಕೇಳದೆ ಹೇಳುವ ಬುದ್ಧಿಯನ್ನು ತೆಗೆದರೆ ಬೇರೇನೂ ಉಳಿಯುವುದಿಲ್ಲ ಎಂಬುದು ಆಗಲೇ ಗೊತ್ತಾಯಿತು. ಎರಡು ದಿನ ಬಾಗಿಲಲ್ಲಿ ಸುಮ್ಮನೆ ಕೂತೆ.

ಮೂರನೇ ದಿನ ರೊಟ್ಟಿಯಾಕೆ ಗಾಬರಿಯಾಗಿ ಚಾಚಿಯನ್ನು ಎಳೆದುಕೊಂಡು ಬಂದಳು. "ನೋಡ ಬೇ, ಸಿಸ್ಟರವ್ವಗ ಲಕ್ವಾ ಹೊಡದೈತಿ. ಮಾತ ಹೋಗ್ಯಾವ."

"ಯಾ ಅಲ್ಲಾ! ನಾಲಿಗಿ ತಗೀರಿ ನೋಡೋಣ," ಎಂದಳು ಚಾಚಿ. ನಾನು ನಾಲಿಗೆ ತೆಗೆದೆ. ಅದನ್ನು ಇಬ್ಬರೂ ಬಗ್ಗಿ ನೋಡಿದರು. ಸೊಟ್ಟಗಾಗಿದೆ ಎಂದು ಒಬ್ಬಳು, ಇಲ್ಲ ಎಂದು ಇನ್ನೊಬ್ಬಳು. ಕಡೆಗೆ ಚಾಚಿ ಎಲ್ಲಿಂದಲೋ ಒಂದು ತಾಯತ ತಂದು ನನ್ನ ತೋಳಿಗೆ ಕಟ್ಟಿದಳು. ಅಷ್ಟರಲ್ಲಿ ರೊಟ್ಟಿಯಾಕೆಯ ಸೊಸೆ ಎದುರಿನ ಅಂಗಳದಲ್ಲಿ ಕೂಸನ್ನು ಮಲಗಿಸಿಕೊಂಡು ಅದರ ಕಿವಿಗೆ ಎಣ್ಣೆ ಬಿಡಲು ಬಟ್ಟಲು ಬಗ್ಗಿಸಿದ್ದು ನನ್ನ ಕಣ್ಣಿಗೆ ಬಿತ್ತು.

"ಕಿವಿಗೆ ಎಣ್ಣೆ ಬಿಡಬೇಡ ಅಂತ ಎಷ್ಟು ಸಲ ಹೇಳಲಿ ನಿಂಗೆ!" ಎಂದು ಚೀರಿದೆ.

ರೊಟ್ಟಿಯಾಕೆ ಎರಡೂ ಕೈ ಮೇಲೆತ್ತಿದಳು. "ಹಿಡೀತ ನೋಡ ಬೇ ನಿನ್ನ ತಾಯತ!"

ಅವಸರವಿಲ್ಲದ ಕುಪ್ಪಸ

ಸಾವಿನ ಭಾರವನ್ನೂ ಯಾರ ಮೇಲೂ ಹಾಕಬಾರದು ಎಂಬುದು ಇನ್ನೊಂದು ನಿಯಮ. ಒಂಟಿ ಹೆಂಗಸು ಸತ್ತರೆ ಅಕ್ಕಪಕ್ಕದವರು ಏನು ಉಡಿಸಬೇಕು, ಯಾರಿಗೆ ತಿಳಿಸಬೇಕು ಎಂದು ಪರದಾಡುವುದನ್ನು ಕೆಲಸದಲ್ಲಿ ಎಷ್ಟೋ ಸಲ ನೋಡಿದ್ದೇನೆ. ಹಾಗಾಗಿ ಒಂದು ಬಿಳಿ ಸೀರೆ ತೆಗೆದಿಟ್ಟೆ. ಅದರ ಕುಪ್ಪಸದ ಬಟ್ಟೆ ಹಿಡಿದು ಚಾಚಿಯ ಬಳಿ ಹೋಗಿ, ಯಾವುದಕ್ಕೆಂದು ಮುಚ್ಚುಮರೆಯಿಲ್ಲದೆ ಹೇಳಿದೆ.

ಚಾಚಿ ಟೇಪು ತೆಗೆದುಕೊಂಡು ಅಳತೆ ಹಾಕಿದಳು. "ಒಳಗ ಎರಡು ಇಂಚು ಬಟ್ಟಿ ಬಿಡ್ತೀನ್ರಿ."

"ಯಾಕೆ?"

"ಅಷ್ಟೊತ್ತಿಗೆ ಮೈ ಬಂದ್ರ? ತೋಳು ಎಷ್ಟು ಇಡ್ಲಿ? ಈಗ ಮೊಳಕೈ ತನಕ ನಡದಾವ ನೋಡ್ರಿ." ಕಡೆಗೆ ಕೇಳಿದಳು, "ಯಾವಾಗ ಬೇಕ್ರಿ?"

"ಅವಸರ ಇಲ್ಲ," ಎಂದೆ.

ಎರಡು ವರ್ಷವಾದರೂ ಕುಪ್ಪಸ ಬರಲಿಲ್ಲ. ಒಮ್ಮೆ ರಮಜಾನಿನ ಗದ್ದಲ, ಒಮ್ಮೆ ಮದುವೆಗಳ ಗದ್ದಲ. ಒಂದು ದಿನ ಸಿಟ್ಟು ಬಂದು, "ನನ್ನ ಕೆಲಸವೆಲ್ಲ ನಾನೇ ಮುಗಿಸಿ ಹೋಗಬೇಕು ಚಾಚಿ. ಇದೊಂದು ಬಾಕಿ ಇದೆ," ಎಂದು ಗದರಿದೆ.

ಚಾಚಿ ಮಿಶನ್ನು ತುಳಿಯುವುದನ್ನು ನಿಲ್ಲಿಸಿದಳು. ತಲೆ ಎತ್ತಲಿಲ್ಲ. "ಇದೂ ಮುಗೀತಂದ್ರ ನಿಮ್ಮನ್ನ ಹಿಡಿದು ನಿಲ್ಸಾಕ ಏನೈತ್ರಿ? ನಾ ಹೊಲಿಯಂಗಿಲ್ಲ. ಬಟ್ಟಿನೂ ವಾಪಸ್ ಕೊಡಂಗಿಲ್ಲ."

ಎದ್ದು ಬಾಗಿಲಿಗೆ ಬಂದಿದ್ದೆ. ಹಿಂದಿನಿಂದ ಕೂಗಿದಳು, "ಬ್ಯಾರೆ ಬಟ್ಟಿ ತಗೊಂಡು ಅಂಗಡ್ಯಾಗ ಕೊಡ್ತೀನಿ ಅಂದ್ರ ನೋಡ್ರಿ ಮತ್ತ! ಈ ಊರಾಗಿನ ಟೇಲರ್‌ಗೆಲ್ಲಾ ಹೇಳಿಟ್ಟೀನಿ."

ಉಡಿ

ತಮ್ಮನ ಮಗ ಈ ಬೇಸಿಗೆಯಲ್ಲಿ ತಾನೇ ಬಂದ. ಕೈಯಲ್ಲಿ ಖಾಲಿ ಸೂಟ್‌ಕೇಸು. ಅದು ಖಾಲಿಯೆಂದು ಅವನು ಹಿಡಿದ ರೀತಿಯಿಂದಲೇ ಓಣಿಗೆಲ್ಲ ಗೊತ್ತಾಯಿತು. "ಸಂಜೆ ಬಸ್ಸಿಗೆ ಹೊರಡೋಣ ಅತ್ತೆ," ಎಂದ. ಮಧ್ಯಾಹ್ನದವರೆಗೆ ಸಮಯ ಕೊಡು ಎಂದೆ. ದೊಡ್ಡ ನಿರ್ಧಾರವನ್ನು ಒಬ್ಬಳೇ ಯೋಚಿಸಿ ಮಾಡಬೇಕು, ಮಾಡಿದ ಮೇಲಷ್ಟೇ ಬಾಯಿಬಿಡಬೇಕು ಎಂಬುದು ನನ್ನ ಎಲ್ಲ ನಿಯಮಗಳಲ್ಲಿ ಗಟ್ಟಿಯಾದದ್ದು.

ಕಾಲುವೆಯ ದಂಡೆಯವರೆಗೆ ನಡೆದುಕೊಂಡು ಹೋದೆ. ಹುಟ್ಟಿದ ಊರನ್ನು ನಾನು ಆರಿಸಿಕೊಂಡದ್ದಲ್ಲ. ಈ ಊರನ್ನೂ ಅಲ್ಲ, ಸರ್ಕಾರ ಹಾಕಿದ್ದು. ಆದರೆ ಇಲ್ಲಿಂದ ಹೋಗಲು ಮೂರು ಸಲ ಅವಕಾಶ ಸಿಕ್ಕಿತ್ತು, ಮೂರು ಸಲವೂ ನಾನು ವರ್ಗಾವಣೆಗೆ ಅರ್ಜಿ ಹಾಕಿರಲಿಲ್ಲ. ಹಾಗೆ ಹಾಕದೆ ಉಳಿದದ್ದೇ ನನ್ನ ಆಯ್ಕೆಯಾಗಿತ್ತು. ಹೋಗುವುದಿಲ್ಲವೆಂದು ತೀರ್ಮಾನಿಸಿ, ಹಗುರವಾಗಿ ಮನೆಗೆ ಬಂದೆ.

ಬಾಗಿಲಲ್ಲಿ ಅರ್ಧ ಓಣಿ ನಿಂತಿತ್ತು. ರೊಟ್ಟಿಯಾಕೆಯ ಕೈಯಲ್ಲಿ ಮೊರ. ಅದರಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿಣ ಬೇರು, ಎಲೆ ಅಡಿಕೆ, ಕುಪ್ಪಸದ ಖಣ. ಈ ಕಡೆ ಮನೆ ಮಗಳು ತವರಿಂದ ಗಂಡನ ಮನೆಗೆ ಹೊರಟಾಗ ಅವಳ ಸೆರಗಿನಲ್ಲಿ ಇದನ್ನೆಲ್ಲ ಹಾಕಿ ಉಡಿ ತುಂಬಿ ಕಳಿಸುತ್ತಾರೆ.

"ನಾನು ಮದುವೆಯಾದವಳಲ್ಲ. ನನಗೆ ಯಾಕೆ ಇದೆಲ್ಲ?" ಎಂದೆ.

"ಬರಿ ಉಡೀಲೆ ಕಳಸಬೇಕೇನು? ಇಷ್ಟು ವರ್ಷದಾಗ ಒಬ್ಬರರ ನಿನಗ ಉಡಿ ತುಂಬ್ಯಾರೇನು?"

ಯಾರೂ ತುಂಬಿರಲಿಲ್ಲ. ಹೇಳಬೇಕೆಂದಿದ್ದ ಮಾತನ್ನು ಬದಿಗಿಟ್ಟು ಸೆರಗು ಒಡ್ಡಿದೆ. ರೊಟ್ಟಿಯಾಕೆಯ ಸೊಸೆ ಐದು ಬೊಗಸೆ ಅಕ್ಕಿ ಹಾಕಿದಳು. ಚಾಚಿ ಒಂದು ಹಿಡಿ ಉತ್ತತ್ತಿ ಹಾಕಿ ಮುಖ ತಿರುಗಿಸಿದಳು. ಎಲ್ಲರೂ ಅಳುತ್ತಿದ್ದರು, ನಾನೂ ಅತ್ತೆ. ಅತ್ತು ಮುಗಿದ ಮೇಲೆ ಹೇಳಿದೆ, "ನಾನು ಹೋಗುತ್ತಿಲ್ಲ. ಇಲ್ಲೇ ಇರುತ್ತೇನೆ."

"ಮೊದ್ಲ ಹೇಳಾಕ ಏನಾಗಿತ್ತು ಬೇ ನಿನಗ?" ಎಂದು ರೊಟ್ಟಿಯಾಕೆ ಸಿಡುಕಿದಳು. "ಉಡಿ ತುಂಬಿಸ್ಕೊಂಡಾಕಿ ತಿರುಗಿ ಒಳಗ ಹೋಗಬಾರದು. ಊರ ಸೀಮಿ ದಾಟಬೇಕು. ಈಗ ಲಿಂಗಸುಗೂರು ಬಸ್ ಬರತೈತಿ. ಹೆಂಗಸರಿಗೆ ಪುಕ್ಕಟೆ. ಮಸ್ಕಿ ತನಕ ಹೋಗಿ ಬಾ."

ಅಕ್ಕಿ ತುಂಬಿದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಸ್ ಹತ್ತಿದೆ. ತಮ್ಮನ ಮಗ ತನ್ನ ಊರಿಗೆ ತೀರ ಉಲ್ಟಾ ದಿಕ್ಕಿನ ಟಿಕೆಟ್ ತೆಗೆಸಿ ಪಕ್ಕದಲ್ಲಿ ಕೂತ. ಕಂಡಕ್ಟರ್ ನನ್ನ ಉಡಿ ನೋಡಿ, "ಮಸ್ಕ್ಯಾಗ ಯಾರ ಮನಿಗೆ ಅಮ್ಮಾ?" ಎಂದು ಕೇಳಿದ. "ಯಾರ ಮನೆಗೂ ಅಲ್ಲಪ್ಪ, ಇಳಿದು ವಾಪಸ್ ಹತ್ತುವುದಕ್ಕೆ," ಎಂದೆ. ಆಮೇಲೆ ಅವನು ನನ್ನ ಕಡೆ ನೋಡಲಿಲ್ಲ.

ಮಸ್ಕಿಯ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರೂ ಚಹಾ ಕುಡಿದೆವು. ಅಲ್ಲಿ ಯಾರಿದ್ದಾರೆ ಎಂದು ಹುಡುಗ ಮತ್ತೆ ಕೇಳಲಿಲ್ಲ. "ಅತ್ತೆ, ವರ್ಷಕ್ಕೊಂದು ಸಲ ನಾನೇ ಬರ್ತೀನಿ," ಎಂದಷ್ಟೇ ಅಂದ.

ಸಿಂಧನೂರಿಗೆ ಮರಳಿ, ಅವನನ್ನು ಊರಿನ ಬಸ್ಸಿಗೆ ಹತ್ತಿಸಿ, ಓಣಿಗೆ ಬಂದೆ. ರೊಟ್ಟಿಯಾಕೆ ಕಟ್ಟೆಯ ಮೇಲೆ ಕಾದು ಕೂತಿದ್ದಳು. ಕಾಲಿಗೆ ನೀರು ಕೊಟ್ಟಳು. ಆಮೇಲೆ, ಮುಖದಲ್ಲಿ ಒಂದಿಷ್ಟೂ ನಗೆಯಿಲ್ಲದೆ, ತವರಿಗೆ ಬಂದ ಮಗಳನ್ನು ಕೇಳುವಂತೆ ಕೇಳಿದಳು, "ಬಂದ್ಯಾ ಬೇ? ಗಂಡನ ಮನ್ಯಾಗ ಎಲ್ಲಾರೂ ಆರಾಮದಾರೇನು?"

"ಆರಾಮದಾರ," ಎಂದೆ. "ಇರು ಇರು ಅಂತ ಭಾಳ ಕಾಡಿದ್ರು. ನಾನ ಒಲ್ಲೆಂತ ಬಂದೀನಿ."