ಬೀಗರ ಬೆನ್ನು

ತನ್ನ ಬೆನ್ನನ್ನು ತಾನೇ ನೋಡಿಕೊಳ್ಳುವ ಭಾಗ್ಯವನ್ನು ದೇವರು ಮನುಷ್ಯನಿಗೆ ಕೊಡಲಿಲ್ಲ. ಕೊಡದೆ ಒಳ್ಳೆಯದೇ ಮಾಡಿದ ಎಂದು ಟೈಲರ್ ಮಾಸ್ಟರ್‌ಗೆ ಅನ್ನಿಸಿದ್ದು ಭಾಮೈದ ತಂದ ಫೋಟೊ ನೋಡಿದ ಮೇಲೆ. ಮಗಳ ಮದುವೆ ಗೊತ್ತಾದ ದಿನ ಎರಡೂ ಮನೆಯವರು ಸೇರಿದ್ದಾಗ ತೆಗೆದ ಫೋಟೊ ಅದು. ಮಾಸ್ಟರ್ ಕನ್ನಡಕ ಏರಿಸಿಕೊಂಡು ಒಬ್ಬೊಬ್ಬರದೇ ಗುರುತು ಹಿಡಿಯುತ್ತ ಹೋಗಿ, ಮೂಲೆಗೆ ಬಂದು ತಡೆದರು.

“ಇಲ್ಲೊಬ್ಬರು ಮುದುಕರಿದ್ದಾರಲ್ಲ, ನೆಲದ ಮೇಲೆ ಏನೋ ಬೀಳಿಸ್ಕೊಂಡು ಹುಡುಕ್ತಿರೋ ಹಾಗಿದೆ. ಯಾರಯ್ಯಾ ಇವರು? ಗಂಡಿನ ಕಡೆಯವರಾ?”

ಭಾಮೈದ ಅಕ್ಕನ ಮುಖ ನೋಡಿದ. ಅಕ್ಕ ಕೈಯಲ್ಲಿದ್ದ ಸೂಜಿಯನ್ನು ನೋಡಿದರು.

“ಹೆಣ್ಣಿನ ಕಡೆಯೋರೇ,” ಅಂದರು ಕೊನೆಗೆ. “ಹೆಣ್ಣಿನ ಅಪ್ಪ.”

ಮಾಸ್ಟರ್ ಅವತ್ತು ಸರಿಯಾಗಿ ಊಟ ಮಾಡಲಿಲ್ಲ. ಅಂಗಡಿಯಲ್ಲಿ ಆಳೆತ್ತರದ ಕನ್ನಡಿ ಇತ್ತು, ನಿಜ. ಆದರೆ ಅದು ಎದುರಿನಿಂದ ಮಾತ್ರ ತೋರಿಸುವ ಸಭ್ಯ ಕನ್ನಡಿ. ಹರೆಯದಲ್ಲಿ ಹೊಲಿಗೆ ಯಂತ್ರದ ಮೇಲೆ ಬಗ್ಗಿಸಿದ ಕತ್ತನ್ನು ಮತ್ತೆ ಎತ್ತುವುದು ಮರೆತುಹೋಗಿದೆ ಎಂದು ಅದು ಒಂದು ದಿನವೂ ಹೇಳಿರಲಿಲ್ಲ. ಹೇಳಿದ್ದು ಮಾಸ್ಟರಮ್ಮ. (ಗಂಡ ಹೊಲಿದದ್ದಕ್ಕೆಲ್ಲ ಕಾಜಾ ಹಾಕಿ, ಗುಂಡಿ ಹಚ್ಚಿ, ಅಂಚು ಮಡಚುವವರು ಆಕೆ. ಗಿರಾಕಿಗಳೇ ಇಟ್ಟ ಹೆಸರು.) ಆದರೆ ಹೆಂಡತಿ ಹೇಳಿದ್ದಕ್ಕೂ ಫೋಟೊ ಹೇಳಿದ್ದಕ್ಕೂ ವ್ಯತ್ಯಾಸ ಇಲ್ಲವೇ? ಹೆಂಡತಿಗೆ ಎದುರು ಮಾತಾಡಬಹುದು, ಫೋಟೊಗೆ ಆಗುವುದಿಲ್ಲ.

ಕತ್ತು ನೋವು, ಕೈಬೆರಳು ಜುಮ್ಮೆನ್ನುವುದು ಬೇರೆ ಇತ್ತು. ಅದೇ ನೆಪ ಮಾಡಿಕೊಂಡು ಡಾಕ್ಟರಮ್ಮನ ಹತ್ತಿರ ಹೋದರು.

“ನಿಮ್ಮ ತಲೆ ಎಷ್ಟು ಭಾರ ಇದೆ ಗೊತ್ತಾ ಮಾಸ್ಟರ್?” ಅಂದರು ಡಾಕ್ಟರಮ್ಮ.

“ಒಳಗೇನೂ ಇಲ್ಲ ಅಂತಾಳೆ ನಮ್ಮನೆಯವಳು.”

“ಇಲ್ಲದಿದ್ರೂ ಭಾರಾನೇ. ಅದು ಹೆಗಲ ಮೇಲೆ ನೆಟ್ಟಗೆ ಕೂತಿದ್ರೆ ಗೊತ್ತಾಗಲ್ಲ. ಮುಂದಕ್ಕೆ ಜೋತುಬಿದ್ರೆ ಕತ್ತಿನ ಸ್ನಾಯುಗಳು ದಿನವೆಲ್ಲ ಅದನ್ನ ಜಗ್ಗಿ ಹಿಡ್ಕೊಂಡಿರಬೇಕು. ಎದೆ ಮುದುಡಿದ್ರೆ ಉಸಿರೂ ಪೂರ್ತಿ ಒಳಗೆ ಹೋಗಲ್ಲ. ಯಂತ್ರ ಎತ್ತರ ಮಾಡಿಸಿ, ಪಾದ ಊರಿ ಕೂತ್ಕೊಳ್ಳಿ, ಆಗಾಗ ಎದ್ದು ಓಡಾಡಿ. ದಿನಾ ಸ್ವಲ್ಪ ಹೊತ್ತು ಗೋಡೆಗೆ ಬೆನ್ನು ಕೊಟ್ಟು ನಿಂತ್ಕೊಳ್ಳಿ. ನಿಧಾನವಾಗಿ, ಆದಷ್ಟೇ. ಒತ್ತಾಯ ಮಾಡಬೇಡಿ.”

ಮಾತ್ರೆ ಬರೆಯಲಿಲ್ಲ, ಸೂಜಿ ಚುಚ್ಚಲಿಲ್ಲ. (ಸೂಜಿ ಚುಚ್ಚದವರ ಮೇಲೆ ಟೈಲರನಿಗೆ ನಂಬಿಕೆ ಬರುವುದು ಕಷ್ಟ.) ಆದರೂ ಮಾಸ್ಟರ್ ಹೇಳಿದಂತೆ ಮಾಡಿದರು. ಮಾಡುತ್ತ ಮಾಡುತ್ತ ಬೆರಳಿನ ಜುಮ್ಮು ಇಳಿಯಿತು, ಕತ್ತು ಹಗುರಾಯಿತು, ರಾತ್ರಿ ಮಗ್ಗುಲು ಬದಲಿಸುವಾಗ ಬರುತ್ತಿದ್ದ “ಅಯ್ಯಪ್ಪಾ” ನಿಂತಿತು. ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಡಾಕ್ಟರಮ್ಮ ಹೇಳಿದ್ದರಲ್ಲಿ “ಒತ್ತಾಯ ಮಾಡಬೇಡಿ” ಎಂಬ ಕೊನೆಯ ಮಾತನ್ನು ಬಿಟ್ಟು ಮಿಕ್ಕಿದ್ದೆಲ್ಲ ಮಾಸ್ಟರ್‌ಗೆ ಚೆನ್ನಾಗಿ ನೆನಪಿತ್ತು. ಮನುಕುಲದ ಮೇರುದಂಡೋದ್ಧಾರದ ಭಾರ ತಮ್ಮ ಹೆಗಲ ಮೇಲೇ ಬಿದ್ದಿದೆ ಎಂದು ಅವರು ತಿಳಿದುಕೊಂಡರು.

ಉದ್ಧಾರ ಮನೆಯಿಂದಲೇ ಶುರುವಾಯಿತು. ಊಟಕ್ಕೆ ಕೂತರೆ, “ಕೈ ಬಾಯಿಗೆ ಹೋಗಬೇಕು, ಬಾಯಿ ಕೈಗೆ ಬರಬಾರದು” ಎಂಬ ಸೂತ್ರ. ಮಗಳು ಮೊಬೈಲ್ ಹಿಡಿದರೆ, “ಮೇಲಕ್ಕೆ ಹಿಡ್ಕೊಂಡು ಮಾತಾಡು, ನಿನ್ನ ಗಂಡನಾಗೋನು ಪಾತಾಳದಲ್ಲಿಲ್ಲ.” ಒಂದು ಬೆಳಗ್ಗೆ ಕಸ ಗುಡಿಸುತ್ತಿದ್ದ ಹೆಂಡತಿಯ ಹಿಂದೆ ಹೋಗಿ ನಿಂತರು.

“ಏನೇ ಇದು, ಹಾಗಾ ಬಗ್ಗೋದು? ಸೊಂಟ ಏನಾಗಬೇಕು?”

“ಬಗ್ಗದೆ ಗುಡಿಸೋದು ಹೇಗೆ ಅಂತ ಒಂದ್ಸಲ ತೋರಿಸಿಕೊಡಿ, ಕಲೀತೀನಿ.”

ಮಾಸ್ಟರ್ ಪೊರಕೆಗೆ ಉದ್ದದ ಕೋಲು ಕಟ್ಟಿ, ಇಡೀ ಮನೆ ಗುಡಿಸಿ ತೋರಿಸಿದರು. ಮಾಸ್ಟರಮ್ಮ ಕುರ್ಚಿಯಲ್ಲಿ ನೆಟ್ಟಗೆ ಕೂತು ನೋಡಿದರು. ಅಷ್ಟು ಚೆನ್ನಾಗಿ ತಮಗೆ ಬರುವುದಿಲ್ಲವೆಂದು ಮಾರನೆಯ ದಿನವೂ ಕೂತು ನೋಡಿದರು. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದಂತಾಯಿತು. ಪೊರಕೆ ಮಾಸ್ಟರ್ ಕೈಯಲ್ಲೇ ಉಳಿಯಿತು.

ಇನ್ನು ಅಂಗಡಿ. ಮಾಸ್ಟರ್‌ಗೆ ಒಳ್ಳೆಯ ಹೆಸರಿದ್ದದ್ದು ಒಂದು ಗುಟ್ಟಿನಿಂದ. ಟೇಪು ಹಿಡಿಯುವ ಮೊದಲೇ ಅವರು ಗಿರಾಕಿಯನ್ನು ಮಾತಿಗೆಳೆದು ಅವನು ನಿಲ್ಲುವ ರೀತಿ ನೋಡಿಕೊಳ್ಳುತ್ತಿದ್ದರು. ಚೀಲ ಹೊತ್ತು ಹೊತ್ತು ಒಂದು ಹೆಗಲು ಇಳಿದಿದ್ದ ಅಂಚೆಯವನಿಗೆ ಆ ಕಡೆ ಒಳಗೊಂದು ತುಂಡು ಬಟ್ಟೆ ಕೊಟ್ಟು, ಬೆನ್ನು ಬಾಗಿದವರಿಗೆ ಹಿಂದೆ ಒಂದಿಷ್ಟು ಉದ್ದ ಬಿಟ್ಟು ಹೊಲಿಯುತ್ತಿದ್ದರು. ಹಾಕಿಕೊಂಡವರು ಕನ್ನಡಿಯಲ್ಲಿ ತಾವು ಸರಿಯಾಗೇ ಇದ್ದೇವೆ ಅಂದುಕೊಂಡು ಹೋಗುತ್ತಿದ್ದರು. ಈಗ ಆ ವಿದ್ಯೆ ಮಾಸ್ಟರ್‌ಗೆ ಪಾಪಕಾರ್ಯದಂತೆ ಕಂಡಿತು.

“ಸೊಟ್ಟಗಿರೋರಿಗೆ ಸೊಟ್ಟಗೆ ಹೊಲಿದುಕೊಟ್ರೆ ಅವರು ನೆಟ್ಟಗಾಗೋದು ಯಾವಾಗ? ಇನ್ಮೇಲೆ ನಾನು ಮನುಷ್ಯ ಇರೋ ಹಾಗೆ ಹೊಲಿಯಲ್ಲ, ಇರಬೇಕಾದ ಹಾಗೆ ಹೊಲೀತೀನಿ.”

“ಹಾಗಿರೋ ಮನುಷ್ಯರು ಬಂದಾಗ ಹೊಲೀರಿ,” ಅಂದರು ಮಾಸ್ಟರಮ್ಮ.

ಬಂದವರು ಬೀಗರು. ಆತ ಗಡಿಯಾರ ರಿಪೇರಿಯವರು. ಕಣ್ಣಿಗೆ ಮಸೂರ ಸಿಕ್ಕಿಸಿ, ಅಕ್ಕಿಕಾಳಿಗಿಂತ ಚಿಕ್ಕ ಚಕ್ರಗಳ ಮೇಲೆ ಬಗ್ಗಿ ಬಗ್ಗಿ ಬೆನ್ನು ಹಾಗೇ ನಿಂತುಬಿಟ್ಟಿತ್ತು. ಎತ್ತರದಲ್ಲಿ, ಗಾತ್ರದಲ್ಲಿ, ಹಳೆಯ ಬಾಗಿನಲ್ಲಿ ಮಾಸ್ಟರ್‌ಗೆ ಸರಿಸಾಟಿ. ಮದುವೆ ಗೊತ್ತಾದ ದಿನ ಇಬ್ಬರೂ ಎದುರುಬದುರು ನಿಂತು ಮಾತಾಡುವುದನ್ನು ಕಂಡು ಮಾಸ್ಟರಮ್ಮ, “ಆವರಣ ಚಿಹ್ನೆ ಹಾಕಿದ ಹಾಗಿದೆ, ಮಧ್ಯದಲ್ಲಿ ಏನಾದ್ರೂ ಬರೀಬಹುದು” ಅಂದಿದ್ದರು. ಬೀಗರು ಸಂಕೋಚದ ಪ್ರಾಣಿ. ಮದುವೆಗೆ ಅದು ಬೇಕು ಇದು ಬೇಕು ಎಂದು ಬಾಯಿ ತೆರೆದವರಲ್ಲ. ಆ ಒಳ್ಳೆಯತನಕ್ಕೆ ಕರಗಿ ಮಾಸ್ಟರ್ ತಾವಾಗಿಯೇ, “ನಿಮ್ಮ ಕೋಟು ನನ್ನ ಕೈಯಿಂದಲೇ ಆಗಬೇಕು” ಎಂದು ಹಟ ಹಿಡಿದಿದ್ದರು. ಮಗಳು ಹೋಗಿ ಸೇರುವ ಮನೆ. ನಾಲ್ಕು ಜನರ ಮುಂದೆ ಆ ಮನೆಯ ಹಿರಿಯರಿಗೆ ತಮ್ಮಿಂದ ಒಂದು ಶೋಭೆ ಬರಬೇಕು ಎಂಬುದೇ ಅವರ ಆಸೆ.

“ಹಿಮ್ಮಡಿ ಗೋಡೆಗೆ,” ಅಂದರು ಮಾಸ್ಟರ್. “ಬೆನ್ನು ಗೋಡೆಗೆ. ಈಗ ತಲೆ.”

ತಲೆ ಗೋಡೆಗೆ ಮುಟ್ಟಲಿಲ್ಲ. ನಡುವೆ ದಿಂಬು ಇಡುವಷ್ಟು ಜಾಗವಿತ್ತು.

“ನಾನಿರೋದೇ ಹೀಗೆ ಬೀಗರೇ,” ಅಂದರು ಆತ ಮೆಲ್ಲಗೆ.

“ಇರೋದು ಬೇರೆ, ಇರಬೇಕಾದ್ದು ಬೇರೆ. ಪ್ರಯತ್ನ ಮಾಡಿ.”

ಬೀಗರು ಉಸಿರು ಕಟ್ಟಿ, ಕಣ್ಣು ಮುಚ್ಚಿ, ತಲೆಯನ್ನು ಹಿಂದಕ್ಕೆ ಒಯ್ದರು. ಒಳಗೆ ಕಾಜಾ ಹಾಕುತ್ತಿದ್ದ ಮಾಸ್ಟರಮ್ಮ ತಡೆಯಲಾರದೆ ಬಾಗಿಲಿಗೆ ಬಂದರು. “ರೀ, ಅವರು ಇದ್ದ ಹಾಗೇ ಅಳತೆ ತಗೊಳ್ಳಿ.”

“ಕಾಜಾ ಹಾಕೋರು ಕಾಜಾ ನೋಡ್ಕೊಳ್ಳಲಿ,” ಅಂದುಬಿಟ್ಟರು ಮಾಸ್ಟರ್, ಬೀಗರ ಮುಂದೆಯೇ.

ಮಾಸ್ಟರಮ್ಮ ಏನೂ ಹೇಳದೆ ಒಳಗೆ ಹೋದರು. (ಇಷ್ಟು ವರ್ಷ ಸಂಸಾರ ಮಾಡಿದವರು ಆ ಮೌನಕ್ಕೆ ಹೆದರಬೇಕಿತ್ತು. ಮಾಸ್ಟರ್ ಟೇಪು ನೋಡುತ್ತಿದ್ದರು.)

ಟ್ರಯಲ್ ದಿನವೂ ಬೀಗರನ್ನು ಗೋಡೆಗೇ ಒರಗಿಸಿ ನಿಲ್ಲಿಸಿದರು. ಕೋಟು ಅಚ್ಚು ಹೊಡೆದಂತೆ ಕೂತಿತು. ಅದೇ ಬಟ್ಟೆಯಲ್ಲಿ ತಮಗೂ ಒಂದನ್ನು, ಉದ್ಧಾರಗೊಂಡ ತಮ್ಮ ಬೆನ್ನಿನ ಅಳತೆಗೆ ಕತ್ತರಿಸಿ ಹೊಲಿದು, ಎರಡನ್ನೂ ಕಾಜಾ ಗುಂಡಿಗೆಂದು ಒಳಗೆ ಕೊಟ್ಟರು.

ಮದುವೆಯ ದಿನ ಬಂತು. ಸಭಾಂಗಣ ತುಂಬ ಜನ. ಬೀಗರು ಬಾಗಿಲಲ್ಲಿ ಕಂಬದ ಪಕ್ಕ ಇನ್ನೊಂದು ಕಂಬದಂತೆ ನಿಂತಿದ್ದರು. ಕೋಟಿನಲ್ಲಿ ಒಂದು ಸುಕ್ಕಿಲ್ಲ. ದೂರದಿಂದ ನೋಡಿ ಮಾಸ್ಟರ್ ಎದೆ ಉಬ್ಬಿತು. ಆದರೆ ಹೊತ್ತು ಹೋದಂತೆ ಗುಸುಗುಸು ಶುರುವಾಯಿತು. ಗಂಡಿನ ಅಪ್ಪ ಯಾರಿಗೂ ತಲೆ ಬಗ್ಗಿಸಿ ನಮಸ್ಕಾರ ಹೇಳುತ್ತಿಲ್ಲವಂತೆ. ಕುರ್ಚಿ ಹಾಕಿದರೆ ಕೂರಲಿಲ್ಲವಂತೆ. ಮಗುವೊಂದು ಕಾಲು ಹಿಡಿದುಕೊಂಡರೂ ಕೆಳಗೆ ನೋಡದೆ ಫ್ಯಾನು ನೋಡುತ್ತಿದ್ದರಂತೆ. “ಭಾವ, ಬೀಗರು ಯಾಕೋ ಬಿಗಿದುಕೊಂಡಿದ್ದಾರೆ. ನಮ್ಮ ಕಡೆಯಿಂದ ಏನೋ ತಪ್ಪಾಗಿದೆ,” ಎಂದು ಭಾಮೈದ ಓಡಿ ಬಂದ.

ಅವನ ಹಿಂದೆಯೇ ಮಗಳು. ಕಣ್ಣಂಚಿನಲ್ಲಿ ನೀರು.

“ಅಪ್ಪ, ಮಾವ ನನ್ನ ಮುಖಾನೇ ನೋಡ್ತಿಲ್ಲ. ನಾನು ಅವರ ಮನೆಗೆ ಬರೋದು ಅವರಿಗೆ ಇಷ್ಟ ಇಲ್ವಾ?”

 ಎಲ್ಲಿ ಎಡವಿದೆವು? ಯಾರು ಏನಂದರು? ಮಾಸ್ಟರ್ ಬೀಗರ ಕೈ ಹಿಡಿದು ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದರು.

“ಬೀಗರೇ, ತಪ್ಪಾಗಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ಮಗಳು ಅಳ್ತಾ ಇದ್ದಾಳೆ. ಯಾಕೆ ಕೋಪ?”

“ಕೋಪಾನಾ?” ಬೀಗರು ಗಾಬರಿಯಾದರು. ತಲೆ ಮಾತ್ರ ಅಲ್ಲಾಡಲಿಲ್ಲ. “ಅಯ್ಯೋ, ಕೋಪ ಎಲ್ಲಿ ಬಂತು ಬೀಗರೇ! ನೆಟ್ಟಗೆ ನಿಂತಿದ್ರೆ ನಿಮ್ಮ ಕೋಟು ಬಹಳ ಚೆನ್ನಾಗಿರುತ್ತೆ. ಸ್ವಲ್ಪ ಸಡಿಲ ಬಿಟ್ಟೆನೋ, ಹಿಂದೆ ಮೇಲೆ ಹೋಗುತ್ತೆ, ಮುಂದೆ ಕೆಳಗೆ ಬರುತ್ತೆ. ನಾಲ್ಕು ಜನ ನೋಡಿ ನಿಮ್ಮ ಕೈಕೆಲಸಾನ ಆಡಿಕೊಂಡರೆ? ಹೆಣ್ಣಿನ ಅಪ್ಪ ಪ್ರೀತಿಯಿಂದ ಹೊಲಿದದ್ದು. ಅದಕ್ಕೇ ಬೆಳಗ್ಗೆಯಿಂದ ಹೀಗೇ ಇದ್ದೀನಿ. ಉಸಿರು ಮಾತ್ರ ಆಗಾಗ ಬಿಡ್ತೀನಿ.”

ಹೇಳುತ್ತ ಸಡಿಲ ಬಿಟ್ಟರು. ಕೋಟಿನ ಹಿಂದುಗಡೆ ಸೊಂಟದ ಮೇಲೆ ಏರಿತು, ಮುಂದುಗಡೆ ಮೊಣಕಾಲಿನತ್ತ ಇಳಿಯಿತು, ಕಾಲರು ಕತ್ತಿನಿಂದ ದೂರ ಸರಿದು ನಿಂತಿತು.  ಈ ಮನುಷ್ಯನಿಗೆ ಶೋಭೆ ತರುತ್ತೇನೆಂದು ಹೋಗಿ, ನನ್ನ ಮಾನ ಕಾಯುವ ಕೆಲಸಕ್ಕೆ ದಿನವಿಡೀ ಇವರನ್ನು ನಿಲ್ಲಿಸಿದೆನಲ್ಲ ಎಂದು ಮಾಸ್ಟರ್‌ಗೆ ನಾಚಿಕೆಯಾಯಿತು.

ಬಾಗಿಲು ತೆರೆದುಕೊಂಡು ಮಾಸ್ಟರಮ್ಮ ಬಂದರು.

“ರೀ, ನಿಮ್ಮ ಕೋಟು ಬಿಚ್ಚಿ ಬೀಗರಿಗೆ ಕೊಡಿ.”

“ಅದೂ ನೆಟ್ಟಗಿನ ಅಳತೇದೇ ಕಣೇ!”

“ಮೊದಲು ಕೊಡಿ.”

ಬೀಗರು ಹಾಕಿಕೊಂಡರು. ಕೋಟು ಅವರ ಬಾಗಿದ ಬೆನ್ನಿನ ಮೇಲೆ ಎಲ್ಲೂ ಎಳೆಯದೆ, ಎಲ್ಲೂ ಏರದೆ, ಹುಟ್ಟುವಾಗಲೇ ತಂದದ್ದರಂತೆ ಕೂತಿತು.

“ಇದನ್ನ ನಾನು ನೆಟ್ಟಗೆ ಕತ್ತರಿಸಿದ್ದೆ!” ಅಂದರು ಮಾಸ್ಟರ್.

“ಕತ್ತರಿಸಿದ್ದು ನೀವು. ಹೊಲಿಗೆ ಬಿಚ್ಚಿ, ಒಳಗೆ ಮಡಚಿಟ್ಟಿದ್ದ ಹೆಚ್ಚಿನ ಬಟ್ಟೆ ಹಿಂದೆ ಬಿಡಿಸಿ, ಬಾಗಿದ ಬೆನ್ನಿಗೆ ಸರಿ ಮಾಡಿದ್ದು ಕಾಜಾ ಹಾಕೋರು. ಮದುವೆ ಓಡಾಟದಲ್ಲಿ ಹೆಣ್ಣಿನ ಅಪ್ಪನ ಬೆನ್ನು ಎಲ್ಲಿ ನೆಟ್ಟಗಿರುತ್ತೆ? ಒಂದು ವಾರದಿಂದ ಮತ್ತೆ ನೆಲ ನೋಡ್ಕೊಂಡೇ ಓಡಾಡ್ತಿದ್ದೀರಿ. ಬೀಗರದ್ದನ್ನೂ ಸರಿ ಮಾಡ್ತಿದ್ದೆ, ಅಷ್ಟರಲ್ಲಿ ಕಳಿಸಿಬಿಟ್ರಿ.”

ಬೀಗರು ಹೊರಗೆ ಹೋಗಿ ಸೊಸೆಯ ತಲೆ ಸವರಿದರು. ಬಗ್ಗಿ ಎಲ್ಲರಿಗೂ ಕೈಮುಗಿದರು. ಕೂತು ಹೊಟ್ಟೆ ತುಂಬ ಊಟ ಮಾಡಿದರು. ಇನ್ನೊಂದು ಕೋಟು ಉಳಿದಿತ್ತಲ್ಲ, ಅದು ಮಾಸ್ಟರ್ ಮೈಮೇಲೆ ಬಂತು. ಬಗ್ಗಿದರೆ ಇಡೀ ಊರಿಗೆ ತಮ್ಮ ಕೈಕೆಲಸ ಕಾಣುತ್ತದೆ. ಆದ್ದರಿಂದ ಮಾಸ್ಟರ್ ಫ್ಯಾನು ನೋಡುತ್ತ ನಿಂತರು. ಮಾಸ್ಟರಮ್ಮ ತಟ್ಟೆ ತಂದು ಕೈಗಿಟ್ಟು, “ಕೈ ಬಾಯಿಗೆ ಹೋಗಬೇಕು, ಬಾಯಿ ಕೈಗೆ ಬರಬಾರದು,” ಎಂದು ಹೇಳಿ ಹೋದರು. ಸಂಜೆಯ ಹೊತ್ತಿಗೆ, ಹೆಣ್ಣಿನ ಅಪ್ಪನಿಗೆ ಬಹಳ ಜಂಬ ಎಂದು ಮಾತಾಯಿತು.

ಅಲ್ಲಿಗೆ ಮಾಸ್ಟರ್‌ಗೆ ಬುದ್ಧಿ ಬಂತು. ತಮ್ಮ ವ್ಯಾಯಾಮ ತಮಗೆ, ಗಿರಾಕಿಯ ಬೆನ್ನು ಗಿರಾಕಿಗೆ. ಎತ್ತರದ ಯಂತ್ರದ ಮುಂದೆ ಪಾದ ಊರಿ ಕೂತು, ಬೀಗರಿಗೆ ಸಲ್ಲಬೇಕಿದ್ದ ಆ ನೆಟ್ಟಗಿನ ಕೋಟನ್ನು ಪೂರ್ತಿ ಬಿಚ್ಚಿದರು. ಬೀಗರ ಬಾಗನ್ನು ಕಣ್ಣಮುಂದೆ ತಂದುಕೊಂಡು, ಹಳೆಯ ವಿದ್ಯೆಯನ್ನೆಲ್ಲ ಸುರಿದು, ಹೆಚ್ಚಿದ್ದನ್ನು ಕತ್ತರಿಸಿ ಎಸೆದು ಹೊಸದಾಗಿ ಹೊಲಿದರು. ಅಷ್ಟು ಮುತುವರ್ಜಿಯಿಂದ ಅವರು ಯಾವ ಕೋಟನ್ನೂ ಹೊಲಿದಿರಲಿಲ್ಲ.

ಕೆಲವು ತಿಂಗಳು ಕಳೆದು ಬೀಗರು ಸೊಸೆಯ ಜೊತೆ ಬಂದರು. ಮಾಸ್ಟರ್ ಕೋಟು ಹಿಡಿದು ಬಾಗಿಲಿಗೆ ಓಡಿದವರು ಅಲ್ಲೇ ನಿಂತರು. ಬೀಗರು ನೆಟ್ಟಗಿದ್ದರು. ಕಂಬದಂತಲ್ಲ, ಆರಾಮಾಗಿ, ಮುಖ ಎದುರಿಗಿಟ್ಟು.

“ಆವತ್ತು ನಿಂತೆನಲ್ಲ ಬೀಗರೇ, ಮಾರನೇ ದಿನ ಮೈಯೆಲ್ಲ ನುಜ್ಜುಗುಜ್ಜು. ಅದನ್ನ ನೋಡಿ ನಿಮ್ಮ ಮಗಳು ಡಾಕ್ಟರಮ್ಮನ ಹತ್ತಿರ ಕರ್ಕೊಂಡು ಹೋದಳು. ನನ್ನ ಮೇಜು ಎತ್ತರ ಮಾಡಿಸಿದಳು. ದಿನಾ ಗೋಡೆಗೆ ನಿಲ್ಲಿಸ್ತಾಳೆ. ಹಳೇ ಕತ್ತುನೋವು ಎಷ್ಟೋ ವಾಸಿ,” ಅಂದರು. ಸೊಸೆಯ ಕಡೆ ನೋಡಿ ನಕ್ಕರು. ಮಾಸ್ಟರ್‌ಗೆ ಅದನ್ನು ಕೇಳಿ ಆದ ಸಂತೋಷ ಅಷ್ಟಿಷ್ಟಲ್ಲ. ಆದರೆ ಕೈಯಲ್ಲಿ ಕೋಟಿತ್ತು.

ಬೀಗರು ಅದನ್ನು ಹಾಕಿಕೊಂಡರು. ಕತ್ತಿನ ಹಿಂದೆ ಬಟ್ಟೆ ಮಡಿಕೆ ಬಿದ್ದು ಗಂಟು ಕಟ್ಟಿತು.  ಬೀಗರು ಮಾಸ್ಟರ್ ಮುಖ ನೋಡಿದರು. ಆಮೇಲೆ ಮೆಲ್ಲಗೆ, ಯಾರಿಗೂ ಗೊತ್ತಾಗದ ಹಾಗೆ, ಮುಂದಕ್ಕೆ ಬಗ್ಗಿದರು. ಮಡಿಕೆ ಮಾಯವಾಯಿತು.

“ಬಹಳ ಚೆನ್ನಾಗಿದೆ,” ಅಂದರು, ನೆಲ ನೋಡುತ್ತ.

“ಬಗ್ಗಬೇಡಿ ಬೀಗರೇ, ದಮ್ಮಯ್ಯ, ನೆಟ್ಟಗಾಗಿ!” ಎಂದು ಮಾಸ್ಟರ್ ಟೇಪು ಎಳೆದುಕೊಂಡರು. “ಮತ್ತೆ ಅಳತೆ ತಗೊಳ್ತೀನಿ.”

“ಈಗ ಹೇಗೆ ನಿಂತ್ಕೊಳ್ಳಲಿ?” ಬೀಗರು ಕೇಳಿದರು. “ಇರೋ ಹಾಗಾ, ಇರಬೇಕಾದ ಹಾಗಾ?”

 ಮಾಸ್ಟರ್ ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಹತ್ತಿರ ಹೋಗಿ ಟೇಪನ್ನು ಆಕೆಯ ಕೈಗೆ ಕೊಟ್ಟರು.

“ಅದನ್ನ ಕಾಜಾ ಹಾಕೋರನ್ನ ಕೇಳಬೇಕು ಬೀಗರೇ.”