ಗಿರಿಜಾ ಮನ್ಯಾಗ ಅದಾಳೇನ್ರಿ?

ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟ ನನಗೆ ಜರ್ಮನ್ ಬರುತ್ತದೆ ಎಂದರೆ ನೀವು ನಂಬಲಿಕ್ಕಿಲ್ಲ. ಬರುತ್ತದೆ, ಒಂದೇ ಒಂದು ಪ್ರಶ್ನೆ. ಪ್ರಶ್ನೆ ಕಲಿತವರು ಉತ್ತರವನ್ನೂ ಕಲಿಯಬೇಕು ಎಂಬ ಬುದ್ಧಿ ಮಾತ್ರ ಆಗ ಇರಲಿಲ್ಲ. ಇರದೇ ಇದ್ದದ್ದು ದೇವರ ದಯೆ.

ನಾನಿರುವುದು ಇಂಗ್ಲಿಷರ ನಾಡಿನಲ್ಲಿ, ಕಿಂಗ್ಸ್‌ಬರಿಯ ಮಗನ ಮನೆಯಲ್ಲಿ; ಮಗಳು ಗಿರಿಜಾ ಇರುವುದು ಒಂದು ಬಸ್ಸಿನಷ್ಟು ದೂರದ ಪಿನ್ನರ್‌ನಲ್ಲಿ. ಅಳಿಯ ಜರ್ಮನಿಯವನು, ಬಾಯಿ ತುಂಬ "ಅವ್ವಾ" ಎನ್ನುವ ಬಂಗಾರದಂಥ ಹುಡುಗ. ಅವರ ಕೂಸು ಮೀರಾಗೆ ಹತ್ತು ತಿಂಗಳು. ಗಿರಿಜಾ ಮತ್ತೆ ಕೆಲಸಕ್ಕೆ ಹೊರಟಾಗ, "ನಿನ್ನ ಮೊಣಕಾಲಿಗೆ ಇದು ಆಗೂದಿಲ್ಲವ್ವಾ" ಎಂದು ನನ್ನನ್ನು ಬಿಟ್ಟು ಜರ್ಮನಿಯಿಂದ ಅತ್ತೆಯನ್ನು ಕರೆಸಿಕೊಂಡಳು. ಬೀಗತಿಯ ಹೆಸರು ಊಟೆ. ಹೆಸರು ಕೇಳಿದರೇ ಹೊಟ್ಟೆ ತುಂಬುತ್ತದೆ. ನನ್ನ ತೊಡೆ ಮಾತ್ರ ಖಾಲಿಯೇ ಉಳಿಯಿತು. ಗಿರಿಜಾ ಇದ್ದಾಗ ಹೋದರೆ "ಕೈ ತೊಳಕೋ, ಮುದ್ದು ಕೊಡಬ್ಯಾಡ, ಅದರ ಮಲಗೂ ಹೊತ್ತು" ಎನ್ನುತ್ತಾಳೆ. ಅವಳಿಲ್ಲದಾಗ ಹೋಗುವಂತಿಲ್ಲ. "ಅವರಿಗೆ ಇಂಗ್ಲಿಷ್ ಬರೂದಿಲ್ಲ, ನಿನಗ ಜರ್ಮನ್ ಬರೂದಿಲ್ಲ. ಇಬ್ಬರೂ ಗ್ವಾಡಿ ನೋಡಕೋತ ಕೂಡ್ತೀರೇನು? ಮೊದಲ ಅವರಿಗೆ ಫೋನ್ ಮಾಡಿ, 'ಇಸ್ಟ್ ಗಿರಿಜಾ ದಾ?' ಅಂತ ಕೇಳು."

"ದಾ ಅಂದ್ರ?"

"ಮನ್ಯಾಗ ಅದಾಳ ಅಂತ."

"ಅಯ್ಯ, ನಮ್ಮ 'ಅದಾಳ'ದಾಗಿನ 'ದಾ' ಅವರ ಹತ್ರ ಹೆಂಗ ಹೋತ?" ಎಂದೆ. ಎರಡೂ ಭಾಷೆಗೆ ಒಂದೇ ಆದ ಆ ಅಕ್ಷರ ನನಗೆ ಆ ಕ್ಷಣದಲ್ಲೇ ಬಾಯಿಗೆ ಬಂತು.

ಮರುದಿನ ಫೋನ್ ಮಾಡಿ ಕೇಳಿಯೇಬಿಟ್ಟೆ. ಊಟೆ ಸ್ಪಷ್ಟವಾಗಿ "ನಿಷ್ಟ್ ದಾ" ಎಂದರು. ಹೊರಗೆ ತಿರುಗದೆ ಮಗಳು ನಿಷ್ಠೆಯಿಂದ ಮನೆಯಲ್ಲಿ ಅದಾಳ! ಹೆಮ್ಮೆಯಿಂದ ಶೇಂಗಾ ಉಂಡಿಯ ಡಬ್ಬಿ ಹಿಡಿದು ಬಸ್ಸು ಹತ್ತಿದೆ.

ಬಾಗಿಲು ತೆರೆದ ಊಟೆ ತಲೆ ಅಲ್ಲಾಡಿಸಿ ಮತ್ತೆ "ನಿಷ್ಟ್ ದಾ" ಎಂದರು. ಒಳಗೆ ಇಣುಕಿದರೆ ಗಿರಿಜಾ ಇಲ್ಲ. ನಾಚಿಕೆಯಾಗಿ ತಿರುಗಿದೆ. ಆ ತಾಯಿ ನನ್ನ ಕೈ ಹಿಡಿದು ಒಳಗೆಳೆದು, ಸೋಫಾದಲ್ಲಿ ಕೂಡಿಸಿ, ಕೂಸನ್ನು ನನ್ನ ತೊಡೆಯ ಮೇಲೆ ಇಟ್ಟೇಬಿಟ್ಟರು. ಎರಡು ತಾಸು ಇಳಿಸಲಿಲ್ಲ. ಊಟೆ ಉಂಡಿ ತಿಂದರು, ನಾನು ಅವರ ಕೇಕು ತಿಂದೆ. ಅಷ್ಟರಲ್ಲಿ ಮೀರಾ ಡಬ್ಬಿಯತ್ತ ಬೆರಳು ಮಾಡಿ, "ದಾ!" ಎಂದಳು. ಮೊದಲ ಮಾತು! ಊಟೆ ಅದು ತಮ್ಮ ಮಾತೆಂದು ಎದೆ ಮುಟ್ಟಿಕೊಂಡು "ದಾ! ದಾ!" ಎಂದು ಕುಣಿದರು. "ಏ, ಅಲ್ಲರಿ, ಉಂಡಿ 'ಅದ' ಅಂತಾಳ, ನಮ್ಮ ಧಾರವಾಡದ ಮಾತದು!" ಎಂದು ನಾನೂ ಬಿಡಲಿಲ್ಲ. ಜಗಳಾಡುತ್ತಲೇ ಇಬ್ಬರೂ ಕಣ್ಣೊರೆಸಿಕೊಂಡೆವು.

ಸಂಜೆ ಬಂದ ಗಿರಿಜಾ ಹಣೆ ಚಚ್ಚಿಕೊಂಡಳು. "ಅವ್ವಾ, ನಿಷ್ಟ್ ದಾ ಅಂದ್ರ ಇಲ್ಲ ಅಂತ!"

"ಹೌದೇನವಾ? ನಾ ಎಲ್ಲಿ ಸಾಲಿ ಕಲತಾಕಿ," ಎಂದೆ.

ಈಗ ಬರೀ "ದಾ" ಎಂಬ ಉತ್ತರ ಬಂದರೆ ಸುಮ್ಮನೆ ಫೋನ್ ಇಡುತ್ತೇನೆ. ಇತ್ತೀಚೆಗಂತೂ ನಾನು ಕೇಳುವ ಮೊದಲೇ ಊಟೆಯ ಫೋನ್ ಬರುತ್ತದೆ. ಪುಣ್ಯಾತ್ಗಿತ್ತಿ ಪಿಸುಗುಡುತ್ತಾರೆ: "ನಿಷ್ಟ್ ದಾ!" ಒಂದು ತೋಳಿಗೆ ಸ್ವೆಟರ್ ಏರಿಸುತ್ತಲೇ ಬಸ್ಸಿಗೆ ಓಡುತ್ತೇನೆ. ಮೊಣಕಾಲು ನೋವು ಎಲ್ಲಿ ಹೋಯಿತು ಎನ್ನುತ್ತೀರಾ? ಅದೂ ಆ ಹೊತ್ತಿಗೆ ನಿಷ್ಟ್ ದಾ.